ಒಂದೇ ಕಾರ್ಯಕ್ರಮ, ಎರಡು ಫಲಿತಾಂಶ: ಓದಿನ ನೆರವನ್ನು ಅಳೆಯುವುದು ಹೇಗೆ?

ಅಮೆರಿಕದ ಡೆಲವೇರ್ ವಿಶ್ವವಿದ್ಯಾಲಯದ ಸಂಶೋಧಕ ಹೆನ್ರಿ ಮೇ ಮತ್ತು ಅವರ ತಂಡ 2016ರಲ್ಲಿ ಒಂದು ವರದಿ ಹೊರತಂದಿತು. ಓದಲು ತಿಣುಕಾಡುವ ಒಂದನೇ ತರಗತಿಯ ಮಕ್ಕಳಿಗೆಂದೇ ರೂಪಿಸಿದ ‘ರೀಡಿಂಗ್ ರಿಕವರಿ’ ಎಂಬ ಕಾರ್ಯಕ್ರಮದಿಂದ ಮಕ್ಕಳಿಗೆ ನಿಜಕ್ಕೂ ಲಾಭವಾಗಿದೆ ಎಂಬುದು ಅದರ ಸಾರ. ಆರು ವರ್ಷಗಳ ನಂತರ, 2022ರ ಏಪ್ರಿಲ್‌ನಲ್ಲಿ, ಅದೇ ಮೇ ಸ್ಯಾನ್ ಡಿಯಾಗೊದಲ್ಲಿ ನಡೆದ ಶಿಕ್ಷಣ ಸಂಶೋಧಕರ ಸಮ್ಮೇಳನದಲ್ಲಿ ಇನ್ನೊಂದು ಅಧ್ಯಯನ ಮಂಡಿಸಿದರು. ಆ ಕಾರ್ಯಕ್ರಮದಲ್ಲಿ ಕಲಿತ ಮಕ್ಕಳು ಮೂರನೇ, ನಾಲ್ಕನೇ ತರಗತಿಗೆ ಬರುವಷ್ಟರಲ್ಲಿ, ಅದನ್ನು ಪಡೆಯದ ತಮ್ಮಂಥವೇ ಮಕ್ಕಳಿಗಿಂತ ಸುಮಾರು ಅರ್ಧ ತರಗತಿಯಷ್ಟು ಹಿಂದೆ ಬಿದ್ದಿದ್ದರು.

ನೆರವು ಪಡೆದವರು ಪಡೆಯದವರಿಗಿಂತ ಹಿಂದೆ! ಹಾಗಾದರೆ ಮೊದಲ ವರದಿ ಸುಳ್ಳೇ? ಅಲ್ಲ. ಎರಡನೆಯದು ತಪ್ಪೇ? ಹಾಗೆಂದು ತಳ್ಳಿಹಾಕುವಂತೆಯೂ ಇಲ್ಲ. ಎರಡೂ ಅಧ್ಯಯನಗಳು ಬೇರೆ ಬೇರೆ ಪ್ರಶ್ನೆ ಕೇಳಿದ್ದವು. ‘ಈ ಕಾರ್ಯಕ್ರಮ ಫಲ ಕೊಟ್ಟಿತೇ’ ಎಂಬ ಒಂದು ಸಾಲಿನೊಳಗೆ ಎಷ್ಟು ಪ್ರಶ್ನೆಗಳು ಅಡಗಿರುತ್ತವೆ ಎಂಬುದನ್ನು ತಿಳಿಯಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಮೊದಲು ಕಾರ್ಯಕ್ರಮದ ಪರಿಚಯ. ನ್ಯೂಜಿಲೆಂಡಿನ ಶಿಕ್ಷಣತಜ್ಞೆ ಮೇರಿ ಕ್ಲೇ 1970ರ ದಶಕದಲ್ಲಿ ಇದನ್ನು ರೂಪಿಸಿದರು. ಒಂದನೇ ತರಗತಿಯಲ್ಲಿ ಓದಿನಲ್ಲಿ ಎಲ್ಲರಿಗಿಂತ ಹಿಂದಿರುವ ಕೆಲವೇ ಮಕ್ಕಳನ್ನು ಆರಿಸಿಕೊಳ್ಳಬೇಕು. ವಿಶೇಷ ತರಬೇತಿ ಪಡೆದ ಶಿಕ್ಷಕರೊಬ್ಬರು ದಿನಕ್ಕೆ ಅರ್ಧ ಗಂಟೆ, ಒಂದು ಸಲಕ್ಕೆ ಒಂದೇ ಮಗುವನ್ನು ಕೂರಿಸಿಕೊಂಡು ಪಾಠ ಮಾಡಬೇಕು. ಹೀಗೆ 12ರಿಂದ 20 ವಾರ. ಅಷ್ಟರಲ್ಲಿ ಮಗು ತರಗತಿಯ ಉಳಿದವರ ಮಟ್ಟಕ್ಕೆ ಬಂದರೆ ನೆರವು ಅಲ್ಲಿಗೆ ಮುಗಿಯುತ್ತದೆ. 1984ರಲ್ಲಿ ಓಹಾಯೊ ರಾಜ್ಯ ವಿಶ್ವವಿದ್ಯಾಲಯದ ಮೂಲಕ ಅಮೆರಿಕಕ್ಕೆ ಬಂದ ಈ ಪದ್ಧತಿ ಮುಂದೆ ಹಲವು ದೇಶಗಳಿಗೆ ಹರಡಿತು. ಒಬ್ಬ ಶಿಕ್ಷಕರ ಅರ್ಧ ಗಂಟೆ ಒಂದೇ ಮಗುವಿಗೆ ಮೀಸಲು ಎಂದರೆ ಖರ್ಚು ಎಷ್ಟೆಂದು ಊಹಿಸಬಹುದು. ಇಷ್ಟು ದುಬಾರಿಯಾದ ಮೇಲೆ ಲೆಕ್ಕ ಕೇಳುವವರೂ ಇರುತ್ತಾರೆ.

ಮೊದಲಿಗಿಂತ ಮೇಲು ಎಂದರೆ ಸಾಲದು

ಲೆಕ್ಕ ಕೊಡುವ ಅತಿ ಸುಲಭದ ದಾರಿ ಎಲ್ಲರಿಗೂ ಗೊತ್ತು. ಆರಂಭದಲ್ಲಿ ಒಂದು ಪರೀಕ್ಷೆ, ಕೊನೆಯಲ್ಲಿ ಒಂದು ಪರೀಕ್ಷೆ. ಜೂನ್‌ನಲ್ಲಿ ಐದು ಪದ ಓದುತ್ತಿದ್ದ ಮಗು ಡಿಸೆಂಬರ್‌ನಲ್ಲಿ ನಲವತ್ತು ಓದಿದರೆ ಮೂವತ್ತೈದು ಪದಗಳ ಗಳಿಕೆ. ಪರಿಹಾರ ಬೋಧನೆಯ ವರದಿಗಳೆಲ್ಲ ಬಹುಪಾಲು ಇದೇ ಅಚ್ಚಿನಲ್ಲಿ ಬರುತ್ತವೆ. ಜೊತೆಗೆ ಏರುವ ಎರಡು ಕಂಬಗಳ ಬಣ್ಣದ ಚಿತ್ರವೊಂದು ಇದ್ದೇ ಇರುತ್ತದೆ.

ಇದರಲ್ಲಿ ಎರಡು ತೊಡಕುಗಳಿವೆ. ಮೊದಲನೆಯದು ಸರಳ: ಆರು ವರ್ಷದ ಮಗು ಆರು ತಿಂಗಳು ಶಾಲೆಗೆ ಹೋದರೆ ಯಾವ ವಿಶೇಷ ನೆರವೂ ಇಲ್ಲದೆ ಸ್ವಲ್ಪವಾದರೂ ಓದು ಕಲಿಯುತ್ತದೆ. ಆ ಗಳಿಕೆಯನ್ನೂ ಕಾರ್ಯಕ್ರಮದ ಖಾತೆಗೇ ಜಮೆ ಮಾಡಿಕೊಂಡರೆ ಅದು ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋದ ಲೆಕ್ಕ.

ಎರಡನೆಯದು ಅಷ್ಟು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಒಂದು ತರಗತಿಯ ನಲವತ್ತು ಮಕ್ಕಳಿಗೆ ಪರೀಕ್ಷೆ ಕೊಟ್ಟು ಅತಿ ಕಡಿಮೆ ಅಂಕ ಬಂದ ಎಂಟು ಮಂದಿಯನ್ನು ಆರಿಸಿದಿರಿ ಎಂದಿಟ್ಟುಕೊಳ್ಳಿ. ಆ ಎಂಟರಲ್ಲಿ ನಿಜಕ್ಕೂ ಓದು ಬಾರದವರು ಐದಾರು ಮಂದಿ. ಉಳಿದವರಲ್ಲಿ ಒಬ್ಬಳಿಗೆ ಅಂದು ಜ್ವರ. ಇನ್ನೊಬ್ಬ ಹೊಸ ಮೇಷ್ಟರನ್ನು ನೋಡಿ ಹೆದರಿ ಬಾಯಿಯೇ ಬಿಡಲಿಲ್ಲ. ಇವರಿಬ್ಬರನ್ನೂ ಮರುವಾರ ಪರೀಕ್ಷಿಸಿದರೆ ಯಾರೂ ಏನೂ ಕಲಿಸದೆಯೇ ಅಂಕ ಏರಿರುತ್ತದೆ. ಅತಿ ಕೆಳಗಿನವರನ್ನೇ ಹೆಕ್ಕಿ ತೆಗೆದಾಗಲೆಲ್ಲ ಹೀಗಾಗುತ್ತದೆ, ಏಕೆಂದರೆ ಅಂದಿನ ದುರದೃಷ್ಟವೂ ಆ ಆಯ್ಕೆಯೊಳಗೆ ಸೇರಿಕೊಂಡಿರುತ್ತದೆ. ಸಂಖ್ಯಾಶಾಸ್ತ್ರದಲ್ಲಿ ಇದನ್ನು ಸರಾಸರಿಯತ್ತ ಮರಳುವಿಕೆ ಎನ್ನುತ್ತಾರೆ. ಹಿಂದುಳಿದ ಮಕ್ಕಳಿಗಾಗಿಯೇ ಇರುವ ಯಾವುದೇ ಕಾರ್ಯಕ್ರಮಕ್ಕೆ ಇದು ಪುಕ್ಕಟೆಯಾಗಿ ಸಿಗುವ ಕೀರ್ತಿ.

ಇದರ ಜೊತೆಗೆ ಯಾರ ಅಂಕ ಲೆಕ್ಕಕ್ಕೆ ಬಂತು, ಯಾರದು ಬರಲಿಲ್ಲ ಎಂಬ ಪ್ರಶ್ನೆಯೂ ಇದೆ. ರೀಡಿಂಗ್ ರಿಕವರಿಯ ಹಳೆಯ ವರದಿಗಳಲ್ಲಿ ಹಲವು, ಕಾರ್ಯಕ್ರಮವನ್ನು ‘ಯಶಸ್ವಿಯಾಗಿ ಮುಗಿಸಿದ’ ಮಕ್ಕಳ ಸಾಧನೆಯನ್ನೇ ಎತ್ತಿ ತೋರಿಸುತ್ತಿದ್ದವು. 20 ವಾರ ಕಳೆದರೂ ಮಟ್ಟಕ್ಕೆ ಬಾರದವರು, ನಡುವೆ ಶಾಲೆ ಬಿಟ್ಟವರು ಆ ಸರಾಸರಿಯಿಂದ ಹೊರಗೆ. ಗೆದ್ದವರನ್ನಷ್ಟೇ ಎಣಿಸಿದರೆ ಗೆಲುವು ನೂರಕ್ಕೆ ನೂರು! 1995ರಲ್ಲಿ ಆವರೆಗಿನ ಪುರಾವೆಗಳನ್ನೆಲ್ಲ ಜಾಲಾಡಿದ ತಿಮೋತಿ ಶಾನಹಾನ್ ಮತ್ತು ರೆಬೆಕಾ ಬಾರ್, ಕಾರ್ಯಕ್ರಮದಿಂದ ಲಾಭವಿದೆ, ಆದರೆ ಹೇಳಿಕೊಂಡಷ್ಟಿಲ್ಲ ಎಂಬ ತೀರ್ಮಾನಕ್ಕೆ ಬಂದಿದ್ದರು.

ಚೀಟಿ ಎತ್ತಿ ನಡೆಸಿದ ಪರೀಕ್ಷೆ

2010ರಲ್ಲಿ ಅಮೆರಿಕದ ಕೇಂದ್ರ ಶಿಕ್ಷಣ ಇಲಾಖೆ ಈ ಕಾರ್ಯಕ್ರಮದ ವಿಸ್ತರಣೆಗೆ ಓಹಾಯೊ ರಾಜ್ಯ ವಿಶ್ವವಿದ್ಯಾಲಯಕ್ಕೆ ಸುಮಾರು 4.5 ಕೋಟಿ ಡಾಲರ್ ಅನುದಾನ ಕೊಟ್ಟಿತು. ಹಣದ ಜೊತೆಗೆ ಒಂದು ಷರತ್ತೂ ಬಂತು: ಮೌಲ್ಯಮಾಪನವನ್ನು ಹೊರಗಿನವರು ಮಾಡಬೇಕು. ಆ ಕೆಲಸ ಮೇ ಅವರ ತಂಡದ ಪಾಲಿಗೆ ಬಂತು.

ಅವರು ಹಿಡಿದ ದಾರಿ ಹೀಗಿತ್ತು. ಪ್ರತಿ ಶಾಲೆಯಲ್ಲಿ ಅತಿ ಕಡಿಮೆ ಅಂಕದ ಎಂಟು ಮಕ್ಕಳ ಪಟ್ಟಿ ತಯಾರಾಗುತ್ತದೆ. ಹೆಚ್ಚು ಕಡಿಮೆ ಒಂದೇ ಅಂಕದ ಇಬ್ಬಿಬ್ಬರನ್ನು ಜೋಡಿ ಮಾಡಲಾಗುತ್ತದೆ. ಪ್ರತಿ ಜೋಡಿಯಲ್ಲಿ ಯಾರಿಗೆ ಮೊದಲು ಪಾಠ, ಯಾರು ಕಾಯಬೇಕು ಎಂಬುದನ್ನು ಚೀಟಿ ಎತ್ತಿದಂತೆ ಕಂಪ್ಯೂಟರ್ ತೀರ್ಮಾನಿಸುತ್ತದೆ. ಮುಖ್ಯೋಪಾಧ್ಯಾಯರ ಕರುಣೆಗಾಗಲಿ, ಪೋಷಕರ ಒತ್ತಾಯಕ್ಕಾಗಲಿ ಇಲ್ಲಿ ಜಾಗವಿಲ್ಲ. ತಾನಾಗಿಯೇ ಆಗುವ ಬೆಳವಣಿಗೆ, ಸರಾಸರಿಯತ್ತ ಮರಳುವಿಕೆ, ಮನೆಯ ವಾತಾವರಣ ಎಲ್ಲವೂ ಎರಡು ಕಡೆಗೂ ಸಮನಾಗಿ ಹಂಚಿಹೋಗುತ್ತವೆ. ಕೊನೆಗೆ ಉಳಿಯುವ ವ್ಯತ್ಯಾಸ ಪಾಠದ್ದು. ನಾಲ್ಕು ವರ್ಷಗಳಲ್ಲಿ 1,222 ಶಾಲೆಗಳ 6,888 ಮಕ್ಕಳು ಹೀಗೆ ಲೆಕ್ಕಕ್ಕೆ ಸಿಕ್ಕರು. ಶಿಕ್ಷಣ ಕ್ಷೇತ್ರದಲ್ಲಿ ಇಷ್ಟು ದೊಡ್ಡ ಪ್ರಯೋಗ ಅಪರೂಪ.

ಯಾವ ಪರೀಕ್ಷೆಯಿಂದ ಅಳೆಯಬೇಕು ಎಂಬುದರಲ್ಲೂ ಎಚ್ಚರ ವಹಿಸಿದ್ದರು. ಮೇರಿ ಕ್ಲೇ ತಮ್ಮ ಕಾರ್ಯಕ್ರಮಕ್ಕೆಂದೇ ಒಂದು ಪರೀಕ್ಷೆಯನ್ನೂ ರೂಪಿಸಿದ್ದರು. ಕಲಿಸಿದ ರೀತಿಯಲ್ಲೇ ಕೇಳುವ ಪರೀಕ್ಷೆಯಲ್ಲಿ ಕಲಿತವರು ಮುಂದಿರುವುದು ಸಹಜ. ನಮ್ಮದೇ ಗೈಡಿನಿಂದ ಪ್ರಶ್ನೆಪತ್ರಿಕೆ ತೆಗೆದಂತೆ. ಹಾಗಾಗಿ ಕಾರ್ಯಕ್ರಮಕ್ಕೆ ಸಂಬಂಧವೇ ಇಲ್ಲದ, ‘ಅಯೊವಾ’ ಹೆಸರಿನ ಸಾಮಾನ್ಯ ಪರೀಕ್ಷೆಯೊಂದನ್ನು ಅಳತೆಗೆ ಬಳಸಿದರು.

ಫಲಿತಾಂಶವನ್ನು ವರದಿ ಎರಡು ಅಂಕಿಗಳಲ್ಲಿ ಕೊಟ್ಟಿತು: 0.48 ಮತ್ತು 0.37. ಇವು ‘ಪರಿಣಾಮದ ಗಾತ್ರ’. ಮಕ್ಕಳ ಅಂಕಗಳು ಸರಾಸರಿಯಿಂದ ಎಷ್ಟು ಹರಡಿಕೊಂಡಿವೆ ಎಂಬುದರ ಅಳತೆಗೆ ಮಾನಕ ವಿಚಲನೆ ಎಂದು ಹೆಸರು. ಎರಡು ಗುಂಪುಗಳ ನಡುವಿನ ಅಂತರ ಆ ಅಳತೆಯ ಎಷ್ಟನೇ ಪಾಲು ಎಂಬುದನ್ನು ಈ ಅಂಕಿಗಳು ಹೇಳುತ್ತವೆ. ಅಂತರ ಒಂದೇ, ಅಂಕಿ ಎರಡೇಕೆ? ಹಿಂದುಳಿದ ಮಕ್ಕಳನ್ನಷ್ಟೇ ತೆಗೆದುಕೊಂಡರೆ ಅವರ ಅಂಕಗಳು ಒಂದಕ್ಕೊಂದು ಹತ್ತಿರ ಇರುತ್ತವೆ. ಹರಡುವಿಕೆ ಕಡಿಮೆಯಾದ್ದರಿಂದ ಭಾಗಲಬ್ಧ ದೊಡ್ಡದು, 0.48. ದೇಶದ ಒಂದನೇ ತರಗತಿಯ ಎಲ್ಲ ಮಕ್ಕಳ ಹರಡುವಿಕೆಯಿಂದ ಭಾಗಿಸಿದರೆ 0.37. ಕಾರ್ಯಕ್ರಮ ಮಾರುವವರು ಯಾವ ಅಂಕಿಯನ್ನು ಕರಪತ್ರದಲ್ಲಿ ಹಾಕುತ್ತಾರೆ ಎಂಬುದನ್ನು ಓದುಗರೇ ಊಹಿಸಲಿ. 0.37 ಎಂದರೆ ನೂರು ಮಕ್ಕಳ ಸಾಲಿನಲ್ಲಿ ಸರಿಯಾಗಿ ನಡುವೆ ನಿಂತಿದ್ದ ಮಗು ಹದಿನಾಲ್ಕು ಜನರನ್ನು ದಾಟಿ ಮುಂದೆ ಹೋದಷ್ಟು. ಐದು ತಿಂಗಳ ಪಾಠಕ್ಕೆ ಇದು ಸಣ್ಣ ಗಳಿಕೆಯಲ್ಲ.

ಆದರೆ ಈ ಪ್ರಯೋಗದೊಳಗೇ ಒಂದು ಮಿತಿಯಿತ್ತು. ಹಿಂದುಳಿದ ಮಗುವಿಗೆ ನೆರವು ನಿರಾಕರಿಸುವುದು ನ್ಯಾಯವಲ್ಲವಲ್ಲ? ಹಾಗಾಗಿ ಕಾಯಲು ಹೇಳಿದ ಮಕ್ಕಳಿಗೂ ಶಾಲಾ ವರ್ಷದ ಉತ್ತರಾರ್ಧದಲ್ಲಿ ಅದೇ ಪಾಠ ಸಿಕ್ಕಿತು. ಮಾನವೀಯವಾಗಿ ಸರಿಯಾದ ತೀರ್ಮಾನ. ಅಲ್ಲಿಗೆ ಹೋಲಿಕೆಯ ಗುಂಪು ಮಾತ್ರ ಇಲ್ಲವಾಯಿತು. ವರ್ಷದ ನಡುವಿನ ಲಾಭ ಎಷ್ಟೆಂದು ಈ ಪ್ರಯೋಗ ಖಚಿತವಾಗಿ ಹೇಳಬಲ್ಲದು. ನಾಲ್ಕನೇ ತರಗತಿಯ ಹೊತ್ತಿಗೆ ಅದರಲ್ಲಿ ಎಷ್ಟು ಉಳಿಯಿತು ಎಂದು ಹೇಳಲಾರದು.

ಗೆರೆಯ ಆಚೆ ಈಚೆ

ಹಾಗಾಗಿ ದೀರ್ಘಕಾಲದ ಪ್ರಶ್ನೆಗೆ ಬೇರೆಯೇ ಉಪಾಯ ಬೇಕಾಯಿತು. ಅದೇ ಶಾಲೆಗಳಲ್ಲಿ, ಅದೇ ವರ್ಷಗಳಲ್ಲಿ, ಆಯ್ಕೆಯ ಗೆರೆಗಿಂತ ಒಂದಿಷ್ಟೇ ಮೇಲಿದ್ದುದರಿಂದ ಕಾರ್ಯಕ್ರಮದ ಹೊರಗೆ ಉಳಿದ ಮಕ್ಕಳೂ ಇದ್ದರು. ಒಂದು ಶಾಲೆಯಲ್ಲಿ 12 ಅಂಕ ಬಂದ ಹುಡುಗಿಗೆ ನೆರವು ಸಿಕ್ಕಿತು, 13 ಬಂದ ಹುಡುಗನಿಗೆ ಸಿಗಲಿಲ್ಲ ಎಂದುಕೊಳ್ಳಿ. ಒಂದು ಅಂಕದ ವ್ಯತ್ಯಾಸಕ್ಕೆ ಅರ್ಥವಿಲ್ಲ. ಓದಿನ ದೃಷ್ಟಿಯಿಂದ ಇಬ್ಬರೂ ಒಂದೇ. ಆದರೂ ಒಬ್ಬಳು ಗೆರೆಯ ಕೆಳಗೆ, ಇನ್ನೊಬ್ಬ ಮೇಲೆ. ಆರಂಭದ ಅಂಕ ಹೆಚ್ಚಿದಂತೆ ನಾಲ್ಕನೇ ತರಗತಿಯ ಅಂಕವೂ ನಯವಾಗಿ ಏರುತ್ತಾ ಹೋಗಬೇಕು. ಆ ಏರಿಕೆಯ ರೇಖೆ ಸರಿಯಾಗಿ ಗೆರೆಯ ಬಳಿ ಮಾತ್ರ ತಟಕ್ಕನೆ ಮುರಿದರೆ, ಆ ಮುರಿತಕ್ಕೆ ನೆರವೇ ಕಾರಣ. ಚೀಟಿ ಎತ್ತಲು ಆಗದ ಕಡೆ ಇಂಥ ಹೋಲಿಕೆಯನ್ನು ಸಂಶೋಧಕರು ಸಾಕಷ್ಟು ನೆಚ್ಚುತ್ತಾರೆ.

ಇದೇ ವಿಧಾನದಲ್ಲಿ ಒಂದನೇ ತರಗತಿಯ ಅಂಕಗಳನ್ನು ನೋಡಿದಾಗ ನೆರವು ಪಡೆದವರದೇ ಮೇಲುಗೈ, ಅದೂ ಗಣನೀಯವಾಗಿ. ಎಂದರೆ ಮೊದಲ ವರದಿ ಹೇಳಿದ್ದಕ್ಕೆ ಇಲ್ಲಿ ಇನ್ನೊಮ್ಮೆ ಮುದ್ರೆ ಬಿತ್ತು. ಮೂರು, ನಾಲ್ಕನೇ ತರಗತಿಯ ರಾಜ್ಯಮಟ್ಟದ ಪರೀಕ್ಷೆಗಳಿಗೆ ಬಂದಾಗ ಮುರಿತ ತಿರುಗುಮುರುಗಾಗಿತ್ತು. ನೆರವಿನ ಲಾಭ ಕಾಲಕ್ರಮೇಣ ಕರಗುವುದು ಹೊಸ ಸುದ್ದಿಯಲ್ಲ. ಕರಗಿ ಸೊನ್ನೆಗೆ ನಿಲ್ಲದೆ ಸೊನ್ನೆಯ ಕೆಳಗೆ ಇಳಿದಿದ್ದು ಎಲ್ಲರನ್ನೂ ಬೆಚ್ಚಿಬೀಳಿಸಿತು.

ಟೀಕೆಗಳೂ ಬಂದವು, ಬರಬೇಕಾದವೇ. ಮೂರ್ನಾಲ್ಕು ವರ್ಷಗಳ ನಂತರ ಬಹುಪಾಲು ಮಕ್ಕಳ ಅಂಕಗಳು ಸಂಶೋಧಕರ ಕೈಗೆ ಸಿಕ್ಕಿರಲಿಲ್ಲ. ಕುಟುಂಬಗಳು ಊರು ಬಿಟ್ಟಿರುತ್ತವೆ, ಮಕ್ಕಳು ಶಾಲೆ ಬದಲಿಸಿರುತ್ತಾರೆ, ಎಲ್ಲ ಕಡೆಯಿಂದಲೂ ದಾಖಲೆ ದೊರೆಯುವುದಿಲ್ಲ. ಸಿಕ್ಕವರೂ ಸಿಗದವರೂ ಒಂದೇ ಬಗೆಯವರು ಎಂಬ ಖಾತ್ರಿ ಏನು? ಕಾರ್ಯಕ್ರಮದ ಬೆಂಬಲಿಗರು ಹಿಡಿದದ್ದು ಮುಖ್ಯವಾಗಿ ಇದೇ ಎಳೆಯನ್ನು. ಇನ್ನೊಂದು ಮಿತಿಯನ್ನೂ ನೆನಪಿಡಬೇಕು: ಈ ವಿಧಾನ ಗೆರೆಯ ಆಸುಪಾಸಿನ ಮಕ್ಕಳ ಬಗ್ಗೆ ಮಾತ್ರ ಗಟ್ಟಿಯಾಗಿ ಮಾತಾಡುತ್ತದೆ. ಪಟ್ಟಿಯ ಕಟ್ಟಕಡೆಯಲ್ಲಿದ್ದ ಮಗುವಿಗೆ ಏನಾಯಿತು ಎಂಬುದು ಅದರಲ್ಲಿ ಸ್ಪಷ್ಟವಾಗುವುದಿಲ್ಲ. ಇಷ್ಟೆಲ್ಲ ಒಪ್ಪಿಕೊಂಡ ಮೇಲೂ, ದೀರ್ಘಕಾಲದ ಲಾಭ ಇದೆ ಎಂದು ಸಾಧಿಸುವ ಹೊಣೆ ಈಗ ಬೆಂಬಲಿಗರ ಹೆಗಲಿಗೆ ಬಿದ್ದಿದೆ ಎಂಬುದು ನನ್ನ ಎಣಿಕೆ.

ಮಗು ಓದಿತೋ, ಊಹಿಸಿತೋ

ಹೀಗೇಕಾಯಿತು ಎಂಬುದಕ್ಕೆ ಎರಡು ವಿವರಣೆಗಳು ಚಾಲ್ತಿಯಲ್ಲಿವೆ. ಒಂದು, ಆಡಳಿತಕ್ಕೆ ಸಂಬಂಧಿಸಿದ್ದು. ‘ಚೇತರಿಸಿಕೊಂಡ’ ಮಗುವಿಗೆ ಎರಡನೇ ತರಗತಿಯಲ್ಲಿ ಯಾರೂ ಗಮನ ಕೊಡಲಿಲ್ಲ. ಗೆರೆಯ ಮೇಲೆ ಉಳಿದಿದ್ದ ಮಗುವಿಗೆ ಮುಂದೆ ಬೇರೆ ನೆರವು ಸಿಕ್ಕಿರಬಹುದು. ಇನ್ನೊಂದು, ಕಲಿಸಿದ ರೀತಿಗೇ ಸಂಬಂಧಿಸಿದ್ದು. ಇದು ಅರ್ಥವಾಗಬೇಕಾದರೆ ಆ ಅರ್ಧ ಗಂಟೆಯ ಪಾಠದ ಪಕ್ಕ ಸ್ವಲ್ಪ ಹೊತ್ತು ಕೂರಬೇಕು.

ಮಗುವಿನ ಮುಂದೆ ಚಿತ್ರವಿರುವ ತೆಳು ಪುಸ್ತಕ. ಶಿಕ್ಷಕಿಯ ಕೈಯಲ್ಲಿ ಒಂದು ಹಾಳೆ. ಮಗು ಸರಿಯಾಗಿ ಓದಿದ ಒಂದೊಂದು ಪದಕ್ಕೂ ಆಕೆ ಒಂದು ಟಿಕ್ ಹಾಕುತ್ತಾ ಹೋಗುತ್ತಾರೆ. ಪುಟದಲ್ಲಿ ‘ಹೌಸ್’ ಎಂದಿದೆ, ಪಕ್ಕದಲ್ಲಿ ಮನೆಯ ಚಿತ್ರ. ಮಗು ‘ಹೋಮ್’ ಎನ್ನುತ್ತದೆ. ಶಿಕ್ಷಕಿ ಒಂದು ಅಡ್ಡಗೆರೆ ಎಳೆದು, ಮಗು ಹೇಳಿದ್ದನ್ನು ಮೇಲೆ, ಪುಸ್ತಕದಲ್ಲಿದ್ದುದನ್ನು ಕೆಳಗೆ ಬರೆಯುತ್ತಾರೆ. ನಂತರ ಆ ತಪ್ಪಿನ ವಿಶ್ಲೇಷಣೆ: ಅರ್ಥಕ್ಕೆ ಹೊಂದುತ್ತದೆಯೇ? ಹೌದು. ವಾಕ್ಯಕ್ಕೆ ಹೊಂದುತ್ತದೆಯೇ? ಹೌದು. ಕಣ್ಣಿಗೆ ಕಂಡ ಅಕ್ಷರಗಳಿಗೆ? ಇಂಗ್ಲಿಷಿನ house, home ಎರಡರಲ್ಲೂ ಮೊದಲ ಅಕ್ಷರ ಅದೇ, ಕೊನೆಯದೂ ಅದೇ. ಮೇರಿ ಕ್ಲೇ ಅವರ ಚಿಂತನೆಯಲ್ಲಿ ಇದು ಜಾಣತನದ ತಪ್ಪು. ಮಗು ಅರ್ಥ, ವ್ಯಾಕರಣ, ಅಕ್ಷರ ಮೂರರ ಸುಳಿವನ್ನೂ ಬಳಸುತ್ತಿದೆ ಎಂಬುದರ ಗುರುತು.

ಓದಿನ ಪ್ರಕ್ರಿಯೆಯನ್ನು ಅಧ್ಯಯನ ಮಾಡುವ ಬಹುತೇಕ ಮನೋವಿಜ್ಞಾನಿಗಳು ಇದನ್ನು ಒಪ್ಪುವುದಿಲ್ಲ. ಪಳಗಿದ ಓದುಗರು ಪದದ ಎಲ್ಲ ಅಕ್ಷರಗಳನ್ನೂ ನೋಡುತ್ತಾರೆ; ಸುಳಿವು ಹುಡುಕಿ ಊಹಿಸುವುದು ಓದು ಬಾರದವರ ಊರುಗೋಲು ಎಂಬುದು ಅವರ ವಾದ. ಒಂದನೇ ತರಗತಿಯ ಪುಸ್ತಕದಲ್ಲಿ ಚಿತ್ರವಿರುತ್ತದೆ, ಒಂದೇ ಬಗೆಯ ವಾಕ್ಯ ಮತ್ತೆ ಮತ್ತೆ ಬರುತ್ತದೆ, ಊಹೆ ನಡೆಯುತ್ತದೆ. ನಾಲ್ಕನೇ ತರಗತಿಯ ಪರಿಸರ ಪಾಠದಲ್ಲಿ ಚಿತ್ರ ಕಡಿಮೆ, ಹೊಸ ಪದಗಳು ಹೆಚ್ಚು. ಅಲ್ಲಿ ಅಕ್ಷರ ಅಕ್ಷರ ಬಿಡಿಸಿ ಓದಲು ಬಾರದ ಮಗು ಸಿಕ್ಕಿಹಾಕಿಕೊಳ್ಳುತ್ತದೆ. ಈ ವಿವರಣೆ ಎರಡು ಫಲಿತಾಂಶಗಳನ್ನೂ ಒಟ್ಟಿಗೆ ಬಗೆಹರಿಸುವುದರಿಂದ ನನಗೆ ಇದರತ್ತ ಹೆಚ್ಚು ಒಲವು. ಆದರೆ ಗೆರೆಯ ಬಳಿ ಮುರಿತ ಇದೆ ಎಂಬುದನ್ನಷ್ಟೇ ಆ ಅಧ್ಯಯನ ತೋರಿಸಿತು, ಏಕೆ ಎಂಬುದನ್ನು ಅದು ಪರೀಕ್ಷಿಸಿರಲಿಲ್ಲ. ಪರಿಣಾಮದ ಪುರಾವೆ ಬೇರೆ, ಕಾರಣದ ಪುರಾವೆ ಬೇರೆ. ಸುದ್ದಿಯ ತಲೆಬರಹಗಳಲ್ಲಿ ಈ ಭೇದ ಮೊದಲೇ ಅಳಿಸಿಹೋಗುತ್ತದೆ. ಇದರ ನಡುವೆ ನ್ಯೂಜಿಲೆಂಡ್ 2025ರಿಂದ ತನ್ನ ಸರ್ಕಾರಿ ಶಾಲೆಗಳಲ್ಲಿ ಅಕ್ಷರ ಮತ್ತು ಧ್ವನಿಯ ನಂಟನ್ನು ಕ್ರಮವಾಗಿ ಕಲಿಸುವ ಪದ್ಧತಿಗೆ ಹೊರಳಿಕೊಂಡಿದೆ. ಕಾರ್ಯಕ್ರಮ ಹುಟ್ಟಿದ ಮನೆಯಲ್ಲೇ ಅದಕ್ಕೆ ಈ ಗತಿ.

ಇದು ನಮಗೇಕೆ ಬೇಕು

ಭಾರತದ್ದೇ ಒಂದು ಉದಾಹರಣೆ ಇದಕ್ಕೆ ಹತ್ತಿರ ಬರುತ್ತದೆ. ಪ್ರಥಮ್ ಸಂಸ್ಥೆಯ ‘ಬಾಲಸಖಿ’ ಯೋಜನೆಯಲ್ಲಿ ವಡೋದರಾ ಮತ್ತು ಮುಂಬೈಯ ಸರ್ಕಾರಿ ಶಾಲೆಗಳ ಮೂರು, ನಾಲ್ಕನೇ ತರಗತಿಯ ಹಿಂದುಳಿದ ಮಕ್ಕಳಿಗೆ ಸ್ಥಳೀಯ ಯುವತಿಯರು ದಿನಕ್ಕೆ ಎರಡು ಗಂಟೆ ಪ್ರತ್ಯೇಕವಾಗಿ ಕಲಿಸುತ್ತಿದ್ದರು. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಚೀಟಿ ಎತ್ತಿದ ಮಾದರಿಯಲ್ಲೇ ಇದನ್ನು ಅಳೆದು 2007ರಲ್ಲಿ ಪ್ರಕಟಿಸಿದರು. ಪರಿಣಾಮದ ಗಾತ್ರದ ಲೆಕ್ಕದಲ್ಲಿ ಎರಡನೇ ವರ್ಷದ ಕೊನೆಗೆ ಲಾಭ 0.28. ಕಾರ್ಯಕ್ರಮ ನಿಂತು ಒಂದು ವರ್ಷವಾದಾಗ ಉಳಿದದ್ದು ಸುಮಾರು 0.1. ಸೊನ್ನೆಯ ಕೆಳಗೆ ಇಳಿಯಲಿಲ್ಲ, ಆದರೆ ಹೆಚ್ಚಿನ ಪಾಲು ಕರಗಿತ್ತು. ಒಂದೇ ಸಲ ಅಳೆದಿದ್ದರೆ ಎರಡನೆಯ ಅಂಕಿ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಕರ್ನಾಟಕದಲ್ಲಿ ಇಂಥ ಪ್ರಯತ್ನಗಳಿಗೆ ಬರವಿಲ್ಲ. ನಾಲ್ಕು, ಐದನೇ ತರಗತಿಗೆ ‘ಓದು ಕರ್ನಾಟಕ’ ಬಂತು; ಕೊರೊನಾ ನಂತರ 2022-23ರಲ್ಲಿ ‘ಕಲಿಕಾ ಚೇತರಿಕೆ’ ಬಂತು. ಅಳತೆಗೆ ನಮ್ಮಲ್ಲಿ ಹೆಚ್ಚು ಪರಿಚಿತವಾದದ್ದು ಗ್ರಾಮೀಣ ಮಕ್ಕಳ ಓದು, ಲೆಕ್ಕವನ್ನು ಮನೆ ಮನೆಗೆ ಹೋಗಿ ಪರೀಕ್ಷಿಸುವ, 2005ರಿಂದ ನಡೆಯುತ್ತಿರುವ ಅಸರ್ ಸಮೀಕ್ಷೆಯ ಹಾಳೆ: ಅಕ್ಷರ, ಪದ, ಒಂದನೇ ತರಗತಿಯ ಪರಿಚ್ಛೇದ, ಎರಡನೇ ತರಗತಿಯ ಕಥೆ. ರಾಜ್ಯದ ಒಟ್ಟು ಸ್ಥಿತಿ ತಿಳಿಯಲು ಅದು ಒಳ್ಳೆಯ ಸಾಧನ. ಒಂದು ಕಾರ್ಯಕ್ರಮದ ಪರಿಣಾಮ ಅಳೆಯಲು ಮಾತ್ರ ಅದರ ಮೆಟ್ಟಿಲುಗಳು ತುಂಬಾ ಎತ್ತರ. ಹದಿನೈದು ಅಕ್ಷರ ಬಲ್ಲ ಮಗು ಆರು ತಿಂಗಳಲ್ಲಿ ಪೂರ್ತಿ ವರ್ಣಮಾಲೆ, ಅರ್ಧ ಕಾಗುಣಿತ ಕಲಿತರೂ ಆ ಹಾಳೆಯಲ್ಲಿ ‘ಅಕ್ಷರ’ ಮಟ್ಟದಲ್ಲೇ ನಿಂತಿರಬಹುದು.

ಕನ್ನಡಕ್ಕೆ ಇದು ಇನ್ನಷ್ಟು ಅನ್ವಯಿಸುತ್ತದೆ. ಇಂಗ್ಲಿಷ್ ಮಗುವಿಗೆ ಕಲಿಯಬೇಕಾದ ಅಕ್ಷರ 26. ಅದರ ಪಾಡು ಸ್ಪೆಲಿಂಗ್‌ನ ಅಡ್ಡಾದಿಡ್ಡಿತನದ್ದು. ಕನ್ನಡದ ಮಗುವಿಗೆ ಬರೆದಂತೆ ಓದುವ ಸೌಕರ್ಯವಿದೆ, ಆದರೆ ವರ್ಣಮಾಲೆ, ಗುಣಿತಾಕ್ಷರ, ಒತ್ತಕ್ಷರ ಸೇರಿ ಕಣ್ಣಿಗೆ ಪಳಗಬೇಕಾದ ಆಕಾರಗಳು ನೂರಾರು. ಕನ್ನಡದ ಮಕ್ಕಳ ಓದನ್ನು ಅಧ್ಯಯನ ಮಾಡಿದ ಸೊನಾಲಿ ನಾಗ್, ಈ ಅಕ್ಷರ ಕಲಿಕೆ ಒಂದನೇ ತರಗತಿಗೆ ಮುಗಿಯದೆ ಮೂರು, ನಾಲ್ಕನೇ ತರಗತಿಯವರೆಗೂ ಮುಂದುವರಿಯುವುದನ್ನು ದಾಖಲಿಸಿದ್ದಾರೆ. ಹಾಗಿರುವಾಗ ಒಂದನೇ ತರಗತಿಯ ಮಾರ್ಚ್‌ನಲ್ಲಿ ಪರೀಕ್ಷೆ ಮಾಡಿ ‘ಫಲ ಕೊಟ್ಟಿತು’ ಎಂದು ಷರಾ ಬರೆದರೆ, ‘ಅರಸ’ ಓದಿದ ಮಗು ‘ರಾಷ್ಟ್ರ’ವನ್ನೂ ‘ಸ್ವಾತಂತ್ರ್ಯ’ವನ್ನೂ ಓದುತ್ತದೆಯೇ ಎಂದು ಕೇಳುವ ಮೊದಲೇ ಕಡತ ಮುಚ್ಚಿದಂತೆ.

ಮೇ ಅವರ ತಂಡಕ್ಕೆ ಎದುರಾದ ದೊಡ್ಡ ಅಡ್ಡಿ, ಕಳೆದುಹೋದ ಮಕ್ಕಳದ್ದು. ಆ ವಿಷಯದಲ್ಲಿ ಕರ್ನಾಟಕದ ಕೈಯಲ್ಲಿ ಒಂದು ಅನುಕೂಲವಿದೆ. ಶಿಕ್ಷಣ ಇಲಾಖೆ ವಿದ್ಯಾರ್ಥಿಗಳ ದಾಖಲೆ ಇಡುವ ಸ್ಯಾಟ್ಸ್ ತಂತ್ರಾಂಶದಲ್ಲಿ ಪ್ರತಿ ವಿದ್ಯಾರ್ಥಿಗೂ ಒಂದು ಸಂಖ್ಯೆಯಿದೆ. ಮಗು ಶಾಲೆ ಬದಲಿಸಿದರೂ ಆ ಸಂಖ್ಯೆ ಜೊತೆಗೇ ಹೋಗುತ್ತದೆ. ಒಂದನೇ ತರಗತಿಯಲ್ಲಿ ನೆರವು ಪಡೆದವರ ಮತ್ತು ಗೆರೆಯ ಮೇಲೆ ಉಳಿದವರ ಸಂಖ್ಯೆಗಳನ್ನು ಆರಂಭದಲ್ಲೇ ಬರೆದಿಟ್ಟುಕೊಂಡು, ನಾಲ್ಕನೇ ತರಗತಿಯಲ್ಲಿ ಅದೇ ಮಕ್ಕಳನ್ನು ಹುಡುಕಿ, ಒತ್ತಕ್ಷರ ತುಂಬಿದ ಒಂದು ಪುಟವನ್ನು ಅವರ ಕೈಗೆ ಕೊಡಬಹುದು. ಇದಕ್ಕೆ ಹೊಸ ಯೋಜನೆಯೇನೂ ಬೇಕಿಲ್ಲ, ಮೂರು ವರ್ಷ ಕಾಯುವ ತಾಳ್ಮೆಯೂ ಅಲ್ಲಿಯವರೆಗೆ ಪಟ್ಟಿಯನ್ನು ಜೋಪಾನವಾಗಿ ಇಡುವ ಒಬ್ಬ ಅಧಿಕಾರಿಯೂ ಬೇಕು.